ಕಂದನ ಕಣ್ಣಲ್ಲಿ ಸದಾ ನೀರೇಕೆ?

ಹುಟ್ಟಿದ ಮಗುವಿಗೆ ಮೂರು ವಾರ ತುಂಬುವ ಹೊತ್ತಿಗೆ ಒಂದು ಕಣ್ಣಲ್ಲಿ ನೀರು ನಿಲ್ಲತೊಡಗುತ್ತದೆ. ಮಗು ಅಳುತ್ತಿಲ್ಲ, ಆದರೂ ಕೆನ್ನೆ ಒದ್ದೆ. ಬೆಳಗ್ಗೆ ನೋಡಿದರೆ ರೆಪ್ಪೆಗಳು ಗೀಜಿನಿಂದ ಅಂಟಿಕೊಂಡಿರುತ್ತವೆ. ದೃಷ್ಟಿಯಾಗಿದೆ ಎಂದು ಅಜ್ಜಿ ಹೇಳುತ್ತಾರೆ. ಎದೆಹಾಲು ಎರಡು ಹನಿ ಬಿಡಿ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ರಾತ್ರಿ ಅಂಗಡಿ ಮುಚ್ಚಿ ಬರುವ ತಂದೆ ಮೆಡಿಕಲ್ ಸ್ಟೋರಿನಿಂದ ಒಂದು ಡ್ರಾಪ್ಸ್ ತಂದಿರುತ್ತಾರೆ. ಹೊಸೂರು, ಕೃಷ್ಣಗಿರಿ ಕಡೆಯ ನಮ್ಮ ಮನೆಗಳಲ್ಲಿ ಇದು ಹೊಸದೇನಲ್ಲ.

ನಮ್ಮ ಕಣ್ಣೀರು ರೆಪ್ಪೆಯ ಒಳಮೂಲೆಯ ಎರಡು ಸಣ್ಣ ರಂಧ್ರಗಳ ಮೂಲಕ, ಮೂಗಿನ ಪಕ್ಕದಲ್ಲಿರುವ ಒಂದು ಪುಟ್ಟ ಚೀಲಕ್ಕೆ ಇಳಿದು, ಅಲ್ಲಿಂದ ನಾಳದ ಮೂಲಕ ಮೂಗಿನೊಳಗೆ ಹೋಗುತ್ತದೆ. ಅತ್ತಾಗ ಮೂಗು ಸುರಿಯುವುದು ಇದರಿಂದಲೇ. ಗರ್ಭದಲ್ಲಿರುವಾಗ ಈ ನಾಳದ ಕೆಳತುದಿಯಲ್ಲಿ ಒಂದು ತೆಳುಪೊರೆ ಇರುತ್ತದೆ. ಹುಟ್ಟುವ ಹೊತ್ತಿಗೆ ಅದು ತೆರೆದುಕೊಳ್ಳಬೇಕು, ಕೆಲವು ಮಕ್ಕಳಲ್ಲಿ ತಡವಾಗುತ್ತದೆ. ಮೊದಲ ಕೆಲವು ವಾರ ಶಿಶುವಿಗೆ ಕಣ್ಣೀರು ಕಡಿಮೆ. ಆದ್ದರಿಂದ ತೊಂದರೆ ಹುಟ್ಟಿನಿಂದಲೇ ಇದ್ದರೂ ಕಣ್ಣಿಗೆ ಬೀಳುವುದು ಆಮೇಲೆ.

1991ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಒಂದು ಅಧ್ಯಯನ 4,792 ಶಿಶುಗಳನ್ನು ಗಮನಿಸಿತ್ತು. ಐದರಲ್ಲಿ ಒಂದು ಮಗುವಿಗೆ ಮೊದಲ ವರ್ಷದಲ್ಲಿ ಈ ತೊಂದರೆ ಕಂಡಿತು. ಅವುಗಳಲ್ಲಿ ಶೇ. 96ರಷ್ಟು ಮಕ್ಕಳಿಗೆ ವರ್ಷ ತುಂಬುವುದರೊಳಗೆ ತಾನಾಗಿಯೇ ವಾಸಿಯಾಯಿತು. ಗಾಬರಿಪಡಬೇಕಾದ ರೋಗ ಇದಲ್ಲ.

ಹಾಗೆಂದು ಸುಮ್ಮನೆ ಕೂರುವುದೂ ಸಲ್ಲ. ಅಮೆರಿಕದ ವೈದ್ಯ ಕ್ರಿಗ್ಲರ್ 1923ರಲ್ಲೇ ಬರೆದಿಟ್ಟ ಒಂದು ಸರಳ ಉಪಾಯವನ್ನು ವೈದ್ಯರು ಇಂದಿಗೂ ಹೇಳಿಕೊಡುತ್ತಾರೆ. ತಾಯಿ ಉಗುರು ಕತ್ತರಿಸಿ, ಸೋಪಿನಿಂದ ಕೈ ತೊಳೆದುಕೊಳ್ಳಬೇಕು. ಕಿರುಬೆರಳನ್ನು ಮಗುವಿನ ಕಣ್ಣಿನ ಒಳಮೂಲೆಗೂ ಮೂಗಿಗೂ ನಡುವೆ ಇಟ್ಟು ಒತ್ತಿ, ಒತ್ತಿದಂತೆಯೇ ಮೂಗಿನ ಪಕ್ಕದಲ್ಲಿ ಕೆಳಕ್ಕೆ ಜಾರಿಸಬೇಕು. ಒಂದು ಸಲಕ್ಕೆ ಐದರಿಂದ ಹತ್ತು ಬಾರಿ, ದಿನಕ್ಕೆ ಮೂರು ನಾಲ್ಕು ಸಲ. ಹಾಲು ಕುಡಿಸುವ ಹೊತ್ತಿಗೆ ಮಾಡಿದರೆ ಮರೆಯುವುದಿಲ್ಲ. ಚೀಲದಲ್ಲಿ ನಿಂತ ನೀರು ಕೆಳಗೆ ಒತ್ತಿದಾಗ ಪೊರೆ ಬಿರಿಯಲಿ ಎಂಬುದು ಇದರ ಉದ್ದೇಶ. ಬಹಳ ತಾಯಂದಿರು ಕೆನ್ನೆ ಸವರಿದಂತೆ ಸವರಿ, ತಿಂಗಳುಗಟ್ಟಲೆ ಮಾಡಿದರೂ ಗುಣವಿಲ್ಲ ಎನ್ನುತ್ತಾರೆ. ಸವರಿದರೆ ಸಾಲದು, ಒತ್ತಬೇಕು. ಎಷ್ಟು ಒತ್ತಬೇಕೆಂದು ಒಮ್ಮೆ ಡಾಕ್ಟರ ಎದುರಿನಲ್ಲೇ ಮಾಡಿ ತೋರಿಸಿ ತಿಳಿದುಕೊಳ್ಳಿ.

ಗೀಜನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ, ಮೂಗಿನ ಕಡೆಯಿಂದ ಹೊರಕ್ಕೆ ಒರೆಸಿ. ಒಂದು ಹತ್ತಿ ಒಂದೇ ಸಲಕ್ಕೆ. ಎಣ್ಣೆಸ್ನಾನದ ದಿನ ಕಣ್ಣಿಗೆ ಹರಳೆಣ್ಣೆ ಬಿಡುವುದು, ಕಾಡಿಗೆ ತೀಡುವುದು, ಎದೆಹಾಲು ಹಿಂಡುವುದು, ಬಾಯಿಂದ ಊದುವುದು ಇವೆಲ್ಲ ಬೇಡ. ಅಂಗಡಿಯ ಕಾಡಿಗೆ, ಸುರ್ಮಾಗಳಲ್ಲಿ ಕೆಲವೊಮ್ಮೆ ಸೀಸ ಇರುತ್ತದೆ. ಸಾಂಬ್ರಾಣಿ ಹೊಗೆಯೂ ಎಳೆಯ ಕಣ್ಣಿಗೆ ಉರಿ. ಹಿರಿಯರ ಮನಸ್ಸು ನೋಯದಂತೆ ಹೇಳುವುದು ಸೊಸೆಗೆ ಕಷ್ಟವೇ. ಆ ಮಾತನ್ನು ಮಗನೇ ಆಡಲಿ. ಔಷಧಿ ಅಂಗಡಿಯವರು ತಾವಾಗಿ ಕೊಡುವ ಡ್ರಾಪ್ಸಿನಲ್ಲಿ ಸ್ಟೆರಾಯ್ಡ್ ಇದ್ದರೆ ಕಣ್ಣಿನ ಒತ್ತಡವೇ ಏರಬಹುದು. ಡ್ರಾಪ್ಸ್ ಪೊರೆಯನ್ನು ತೆರೆಯುವುದೂ ಇಲ್ಲ. ಕೀವು ಹೆಚ್ಚಾದಾಗ ಮಾತ್ರ ವೈದ್ಯರು ಆ್ಯಂಟಿಬಯಾಟಿಕ್ ಬರೆಯುತ್ತಾರೆ.

ಇನ್ನು ಒಂದು ದಿನವೂ ಕಾಯಬಾರದ ಸಂದರ್ಭಗಳಿವೆ. ಹುಟ್ಟಿದ ಮೊದಲ ದಿನಗಳಲ್ಲೇ ರೆಪ್ಪೆ ಊದಿ ಕೀವು ಸುರಿದರೆ ಅದು ಹೆರಿಗೆಯಲ್ಲಿ ತಗುಲಿದ ಸೋಂಕಾಗಿರಬಹುದು. ಹುಟ್ಟುವಾಗಲೇ ಒಳಮೂಲೆಯ ಕೆಳಗೆ ನೀಲಿ ಗಂಟಿದ್ದರೆ ಅದು ಮೂಗಿನೊಳಗೂ ಚಾಚಿ ಉಸಿರಾಟಕ್ಕೆ ಅಡ್ಡಿಯಾಗಬಹುದು. ಒಳಮೂಲೆ ಕೆಂಪಾಗಿ ಊದಿ ಜ್ವರ ಬಂದರೆ ಮಸಾಜ್ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ನೀರು ಸುರಿಯುತ್ತದೆ, ಗೀಜಿಲ್ಲ, ಮಗು ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತದೆ, ಕರಿಗುಡ್ಡೆ ದೊಡ್ಡದಾಗಿಯೋ ಮಸುಕಾಗಿಯೋ ಕಾಣುತ್ತದೆ. ಇದು ನಾಳದ ದೋಷವಲ್ಲ, ಹುಟ್ಟುಗ್ಲಾಕೋಮಾ ಇರಬಹುದು. ತಡಮಾಡಿದರೆ ದೃಷ್ಟಿಯೇ ಹೋಗುತ್ತದೆ. ಸೋದರಮಾವನಂಥ ರಕ್ತಸಂಬಂಧದಲ್ಲಿ ಮದುವೆಯಾಗುವ ಮನೆತನಗಳಲ್ಲಿ ಈ ರೋಗ ಹೆಚ್ಚು. "ಎಷ್ಟು ದೊಡ್ಡ ಕಣ್ಣು, ಎಷ್ಟು ಚೆಂದ" ಎಂದು ಹೊಗಳುತ್ತ ತಿಂಗಳು ಕಳೆದ ಮನೆಗಳಿವೆ.

ವರ್ಷ ತುಂಬಿದರೂ ನೀರು ನಿಲ್ಲದಿದ್ದರೆ ಪ್ರೋಬಿಂಗ್ ಮಾಡಿಸಬೇಕಾಗುತ್ತದೆ. ಕೂದಲಿನಷ್ಟಲ್ಲದಿದ್ದರೂ ಬಹಳ ಸಣ್ಣದಾದ ಲೋಹದ ಕಡ್ಡಿಯನ್ನು ರೆಪ್ಪೆಯ ರಂಧ್ರದಿಂದ ಇಳಿಸಿ ಪೊರೆಯನ್ನು ಬಿಡಿಸುತ್ತಾರೆ. ಕೊಯ್ಯುವುದಿಲ್ಲ, ಹೊಲಿಗೆಯಿಲ್ಲ, ಕೆಲವೇ ನಿಮಿಷದ ಕೆಲಸ. ಆದರೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಕೊಡುತ್ತಾರೆ. ಹಾಗಾಗಿ ಎದೆಹಾಲನ್ನು 4 ಗಂಟೆ, ಹಸುವಿನ ಹಾಲು ಅಥವಾ ಡಬ್ಬಿ ಹಾಲನ್ನು 6 ಗಂಟೆ ಮೊದಲೇ ನಿಲ್ಲಿಸಬೇಕು. ಪಾಪ, ಹಸಿದಿದೆ ಎಂದು ಯಾರೋ ಕದ್ದು ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುವ ಅಪಾಯವುಂಟು. ಅಂದು ಮಗು ಯಾರ ಮಡಿಲಲ್ಲಿರಬೇಕೆಂದು ಮೊದಲೇ ನಿಶ್ಚಯಿಸಿಕೊಳ್ಳಿ.

ವ್ಯಾಪಾರಿ ಮನೆಗಳಲ್ಲಿ ಈ ಕೆಲಸ ಮುಂದಕ್ಕೆ ಹೋಗುವುದು ಭಯದಿಂದಲ್ಲ, ಸೀಸನ್ನಿನಿಂದ. ದೀಪಾವಳಿ ಕಳೆಯಲಿ, ಮದುವೆ ಮುಹೂರ್ತಗಳು ಮುಗಿಯಲಿ ಎನ್ನುತ್ತ ಮಗುವಿಗೆ ಮೂರು ವರ್ಷವಾಗುತ್ತದೆ. ವರ್ಷದ ಆಸುಪಾಸಿನಲ್ಲಿ ಮಾಡಿಸಿದರೆ ಬಹುಪಾಲು ಮಕ್ಕಳಿಗೆ ಒಂದೇ ಸಲಕ್ಕೆ ಗುಣವಾಗುತ್ತದೆ. ವಯಸ್ಸಾದಂತೆ ತಡೆ ಜಟಿಲವಾಗಿರುವ ಸಾಧ್ಯತೆ ಹೆಚ್ಚು. ಆಗ ನಾಳದಲ್ಲಿ ಸಿಲಿಕೋನ್ ಕೊಳವೆ ಕೆಲವು ತಿಂಗಳು ಇಡಬೇಕಾಗಬಹುದು. ಅದಕ್ಕೂ ಬಗ್ಗದಿದ್ದರೆ ಮೂಗಿಗೆ ಹೊಸ ದಾರಿ ಮಾಡುವ ಡಿಸಿಆರ್ ಶಸ್ತ್ರಚಿಕಿತ್ಸೆ.

ಹೊಸೂರಿನಿಂದ ಬೆಂಗಳೂರು ನಲವತ್ತು ಕಿಲೋಮೀಟರ್. ಸರಕು ತರಲು ಚಿಕ್ಕಪೇಟೆಗೆ ಹೋಗುವವರಿಗೆ ಕೆ.ಆರ್. ಮಾರುಕಟ್ಟೆಯ ಬಳಿಯ ಸರ್ಕಾರಿ ಮಿಂಟೋ ಕಣ್ಣಾಸ್ಪತ್ರೆ ದೂರವೇನಲ್ಲ. ಮೊದಲು ಊರಿನ ಮಕ್ಕಳ ವೈದ್ಯರಿಗೆ ತೋರಿಸಿ, ಚೀಟಿ ಬರೆಸಿಕೊಂಡು, ಹುಟ್ಟಿದ ದಿನದ ದಾಖಲೆಯೊಂದಿಗೆ ಬೆಳಗ್ಗೆಯೇ ಹೊರಡಿ. ನೀರು ಯಾವ ತಿಂಗಳಲ್ಲಿ ಶುರುವಾಯಿತು, ಒಂದೇ ಕಣ್ಣೋ ಎರಡೋ, ಯಾವ ಡ್ರಾಪ್ಸ್ ಹಾಕಿದ್ದಿರಿ ಎಂಬುದನ್ನು ಬರೆದುಕೊಂಡು, ಆ ಬಾಟಲಿಯನ್ನೂ ಜೊತೆಗಿಟ್ಟುಕೊಳ್ಳಿ.