ರಕ್ತದಲ್ಲೊಂದು ಉರಿಯ ಸುಳಿವು

ಕಠಿಣ ಕಾಯಿಲೆ ಬಂದಾಗ ಕಾರ್ಕಳದವರು ಮಣಿಪಾಲದ ಹಾದಿ ಹಿಡಿಯುವುದು ರೂಢಿ. 2020-21ರ ಕೋವಿಡ್ ದಿನಗಳಲ್ಲಿ ರಕ್ತಪರೀಕ್ಷೆಯ ವರದಿಯೊಳಗೆ 'ಐ.ಎಲ್.-6' ಎಂಬ ಅಪರಿಚಿತ ಹೆಸರು ಕಾಣಿಸಿಕೊಂಡು ಅನೇಕ ಮನೆಗಳ ನಿದ್ದೆಗೆಡಿಸಿತು. ಇಂದಿಗೂ ಆ ಅಂಕಿ ಕಂಡೊಡನೆ ಎದೆಗುಂದುವ ಬಂಧುಗಳಿಗಾಗಿ ನಾವು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಇಂಟರ್‌ಲ್ಯೂಕಿನ್-6 ವಿಷವಲ್ಲ. ಸೋಂಕೋ ಗಾಯವೋ ಆದಾಗ ಜೀವಕೋಶಗಳು ಕಳುಹಿಸುವ ಸಂದೇಶರೂಪದ ಪ್ರೋಟೀನು. ಇದರ ಕರೆಗೆ ಓಗೊಟ್ಟೇ ಯಕೃತ್ತು ಸಿ.ಆರ್.ಪಿ.ಯನ್ನು ತಯಾರಿಸುತ್ತದೆ. 1986ರಲ್ಲಿ ಜಪಾನಿನ ಒಸಾಕಾದ ಕಿಶಿಮೊಟೊ, ಹಿರಾನೊ ಮತ್ತು ಸಂಗಡಿಗರು ಇದರ ಜೀನನ್ನು ಗುರುತಿಸಿದರು. ಆರೋಗ್ಯವಂತರಲ್ಲಿ ಮಿಲಿಲೀಟರು ರಕ್ತಕ್ಕೆ ಇದು ಕೆಲವೇ ಪಿಕೋಗ್ರಾಂ. ಒಂದು ಪಿಕೋಗ್ರಾಂ ಎಂದರೆ ಗ್ರಾಮಿನ ಲಕ್ಷಕೋಟಿಯಲ್ಲೊಂದು ಪಾಲು! ಪ್ರಯೋಗಾಲಯದವರು ಇದನ್ನು ಎರಡು ಪ್ರತಿಕಾಯಗಳ ನಡುವೆ ಸಿಲುಕಿಸಿ, ಹೊಮ್ಮುವ ಬೆಳಕನ್ನೋ ಬಣ್ಣವನ್ನೋ ಅಳೆಯುತ್ತಾರೆ.

ಉರಿಯೂತ ಎಷ್ಟಿದೆಯೆಂದು ಅಂಕಿ ಸೂಚಿಸೀತು, ಏತಕ್ಕೆಂದು ಹೇಳದು. ನ್ಯುಮೋನಿಯಾದಲ್ಲಿಯೂ ಏರುತ್ತದೆ, ಸಂಧಿವಾತದಲ್ಲಿಯೂ, ಶಸ್ತ್ರಚಿಕಿತ್ಸೆಯ ಮರುದಿನವೂ. ಸೋಜಿಗವೆಂದರೆ, ಇದರ ಕಾರ್ಯವನ್ನು ತಡೆಯುವ ಟೋಸಿಲಿಜುಮ್ಯಾಬ್ ನೀಡಿದ ಬಳಿಕ ಅಂಕಿ ಇಳಿಯುವ ಬದಲು ಏರುವುದುಂಟು: ಔಷಧವು ಕೋಶದ ಬಾಗಿಲನ್ನು ಮುಚ್ಚುವುದರಿಂದ ಸಂದೇಶವು ರಕ್ತದಲ್ಲೇ ಉಳಿಯುತ್ತದೆ. ಇದನ್ನರಿಯದೆ ರೋಗಿಯ ಕೈಬಿಟ್ಟಿತೆಂದು ಮನೆಯವರು ಕಣ್ಣೀರಿಡುವುದುಂಟು. ಆದ್ದರಿಂದ ವರದಿಯ ಜೊತೆಗೆ ಹಳೆಯ ವರದಿಗಳನ್ನೂ ಔಷಧದ ಚೀಟಿಯನ್ನೂ ವೈದ್ಯರ ಮುಂದಿಡಬೇಕೆಂದು ನಮ್ಮ ವಿನಂತಿ.