ಸೀಗಡಿಗಳಲ್ಲಿ ವಂಶವಾಹಿ ಮೌನಗೊಳಿಸುವಿಕೆ

ಸೀಗಡಿಗಳಲ್ಲಿ ವಂಶವಾಹಿ ಮೌನಗೊಳಿಸುವಿಕೆ ಎಂದರೆ ಸೀಗಡಿಯ ಅಥವಾ ಅದರ ದೇಹವನ್ನು ಹೊಕ್ಕ ವೈರಾಣುವಿನ ನಿರ್ದಿಷ್ಟ ವಂಶವಾಹಿಯೊಂದು (ಜೀನ್) ಪ್ರೋಟೀನನ್ನು ತಯಾರಿಸದಂತೆ ತಡೆಯುವ ತಂತ್ರ. ಇದರಲ್ಲಿ ವಂಶವಾಹಿಯ ರಚನೆ ಬದಲಾಗುವುದಿಲ್ಲ. ಅದು ಹೊರಡಿಸಿದ ಸಂದೇಶ ಮಾತ್ರ ನಾಶವಾಗುತ್ತದೆ.

ಹಿನ್ನೆಲೆ

ಸೀಗಡಿ ಕೃಷಿಗೆ ಅತಿ ಹೆಚ್ಚು ಹಾನಿ ಮಾಡಿರುವ ರೋಗಗಳಲ್ಲಿ ಬಿಳಿ ಚುಕ್ಕೆ ರೋಗ ಒಂದು. ವೈರಾಣುವಿನಿಂದ ಬರುವ ಈ ರೋಗವು 1990ರ ದಶಕದ ಆರಂಭದಲ್ಲಿ ಪೂರ್ವ ಏಷ್ಯಾದಲ್ಲಿ ಕಾಣಿಸಿಕೊಂಡು, ಆ ದಶಕದ ಮಧ್ಯಭಾಗದಲ್ಲಿ ಭಾರತಕ್ಕೂ ಹರಡಿತು. ಸೋಂಕು ತಗುಲಿದ ಕೊಳದ ಸೀಗಡಿಗಳು 3ರಿಂದ 10 ದಿನಗಳೊಳಗೆ ಸಂಪೂರ್ಣವಾಗಿ ನಾಶವಾಗಬಹುದು. ಪಶ್ಚಿಮ ಕರಾವಳಿಯ ಹುಲಿ ಸೀಗಡಿಗಳಲ್ಲಿ ಈ ರೋಗವನ್ನು ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ಮತ್ತು ಸಂಗಡಿಗರು ಅಧ್ಯಯನ ಮಾಡಿ, 1997ರಲ್ಲಿ ವರದಿ ಪ್ರಕಟಿಸಿದರು. ಅಘನಾಶಿನಿ ನದೀಮುಖದ ಗಜನಿಗಳಂತೆ ಉಬ್ಬರದ ನೀರು ಒಳಬರುವ ಕಡೆಗಳಲ್ಲಿ ಏಡಿ ಮೊದಲಾದ ಜೀವಿಗಳೂ ಈ ವೈರಾಣುವನ್ನು ಹೊತ್ತು ತರಬಲ್ಲವು. ಸೀಗಡಿಯ ದೇಹದಲ್ಲಿ ಪ್ರತಿಕಾಯಗಳು ಉತ್ಪತ್ತಿಯಾಗುವುದಿಲ್ಲ. ಆದ್ದರಿಂದ ಮನುಷ್ಯರಿಗೆ ಹಾಕುವ ಬಗೆಯ ಲಸಿಕೆಗಳನ್ನು ಇಲ್ಲಿ ನೆಚ್ಚುವಂತಿಲ್ಲ.

ಕಾರ್ಯವಿಧಾನ

ವಂಶವಾಹಿಯ ಆದೇಶವನ್ನು ಸಂದೇಶವಾಹಕ ಆರ್‌ಎನ್‌ಎ ಎಂಬ ಒಂಟಿ ಎಳೆಯ ಅಣು ಒಯ್ಯುತ್ತದೆ. ಅದಕ್ಕೆ ಹೊಂದುವ ಜೋಡಿ ಎಳೆಯ ಆರ್‌ಎನ್‌ಎಯನ್ನು ಜೀವಕೋಶಕ್ಕೆ ಸೇರಿಸಿದಾಗ, ಡೈಸರ್ ಎಂಬ ಕಿಣ್ವವು ಅದನ್ನು ಸುಮಾರು 21–23 ಘಟಕಗಳ ತುಣುಕುಗಳಾಗಿ ಕತ್ತರಿಸುತ್ತದೆ. ಈ ತುಣುಕುಗಳ ನೆರವಿನಿಂದ ಆರ್ಗೊನಾಟ್ ಎಂಬ ಪ್ರೋಟೀನು ಸಂದೇಶವನ್ನು ಗುರುತಿಸಿ ತುಂಡರಿಸುತ್ತದೆ. ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೋ ಈ ವಿದ್ಯಮಾನವನ್ನು 1998ರಲ್ಲಿ ದುಂಡುಹುಳುವೊಂದರಲ್ಲಿ ವಿವರಿಸಿದರು. ಅದಕ್ಕಾಗಿ 2006ರ ನೊಬೆಲ್ ಪ್ರಶಸ್ತಿ ಪಡೆದರು.

ಉಪಯೋಗಗಳು

ವೈರಾಣುವಿನ ಹೊರಕವಚದ ವಿಪಿ28 ಪ್ರೋಟೀನಿನ ವಂಶವಾಹಿಯನ್ನು ಮೌನಗೊಳಿಸಿದಾಗ ಸೋಂಕಿತ ಸೀಗಡಿಗಳಲ್ಲಿ ಸಾವು ಕಡಿಮೆಯಾಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಮೊಟ್ಟೆಕೇಂದ್ರಗಳಲ್ಲಿ ತಾಯಿ ಸೀಗಡಿ ಬೇಗ ಮೊಟ್ಟೆಯಿಡಲೆಂದು ಅದರ ಒಂದು ಕಣ್ಣಿನ ತೊಟ್ಟನ್ನು ಕತ್ತರಿಸುವ ರೂಢಿಯಿದೆ. ಅದರ ಬದಲು ಅಂಡಾಶಯದ ಬೆಳವಣಿಗೆಯನ್ನು ತಡೆಯುವ ಹಾರ್ಮೋನಿನ ವಂಶವಾಹಿಯನ್ನು ಮೌನಗೊಳಿಸುವ ಪ್ರಯೋಗಗಳು ಥಾಯ್ಲೆಂಡಿನಲ್ಲಿ ನಡೆದಿವೆ. ದೊಡ್ಡ ಗಾತ್ರಕ್ಕೆ ಬೆಳೆಯುವ ಗಂಡುಗಳನ್ನಷ್ಟೇ ಪಡೆಯಲು ಸಿಹಿನೀರಿನ ಸೀಗಡಿಯಲ್ಲಿ ಈ ತಂತ್ರವನ್ನು ಇಸ್ರೇಲಿನ ವಿಜ್ಞಾನಿಗಳು ಬಳಸಿದ್ದಾರೆ.

ಮಿತಿಗಳು

ಪ್ರಯೋಗಾಲಯದಲ್ಲಿ ಪ್ರತಿ ಸೀಗಡಿಗೂ ಚುಚ್ಚುಮದ್ದು ನೀಡಬಹುದು. ಲಕ್ಷಾಂತರ ಮರಿಗಳಿರುವ ಕೊಳದಲ್ಲಿ ಅದು ಅಸಾಧ್ಯ. ಆಹಾರದೊಡನೆ ನೀಡಿದ ಆರ್‌ಎನ್‌ಎ ನೀರಿನಲ್ಲೂ ಕರುಳಿನಲ್ಲೂ ಬೇಗ ನಾಶವಾಗುತ್ತದೆ. ಇದಕ್ಕೆ ಪರಿಹಾರವಾಗಿ ಜೋಡಿ ಎಳೆಯ ಆರ್‌ಎನ್‌ಎ ತಯಾರಿಸುವ ಬ್ಯಾಕ್ಟೀರಿಯಾಗಳನ್ನು ಮೇವಿಗೆ ಲೇಪಿಸುವುದು, ಕೈಟೋಸಾನಿನ ಸೂಕ್ಷ್ಮ ಕಣಗಳಲ್ಲಿ ಅದನ್ನು ಅಡಗಿಸಿ ಕೊಡುವುದು ಮುಂತಾದ ಮಾರ್ಗಗಳನ್ನು ಪರೀಕ್ಷಿಸಲಾಗಿದೆ. ರಕ್ಷಣೆಯೂ ತಾತ್ಕಾಲಿಕವಾದುದು. ಆದಕಾರಣ ರೋಗಮುಕ್ತ ಮರಿಗಳ ಆಯ್ಕೆ, ಪಿಸಿಆರ್ ಪರೀಕ್ಷೆ ಮತ್ತು ಕೊಳದ ನೈರ್ಮಲ್ಯಗಳೇ ಕೃಷಿಕರಿಗೆ ಮುಖ್ಯ ಆಸರೆಯಾಗಿ ಉಳಿದಿವೆ.