ಎರಡರಲ್ಲಿ ಒಂದನ್ನು ತೋರಿಸಿದರೆ ಸಾಕೆ?

ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ಕಡಲೆಕಾಯಿ ರಾಶಿ. ಪರಿಷೆ ಎಂದ ಮೇಲೆ ಚೌಕಾಸಿ ಇದ್ದದ್ದೇ. ಸೇರಿಗೆ ಕೊನೆಗೆ ಎಷ್ಟಕ್ಕೆ ಇಳಿಯಬೇಕೆಂದು ಮಾರುವಾಕೆ ಮನಸ್ಸಿನಲ್ಲೇ ಒಂದು ಬೆಲೆ ಇಟ್ಟುಕೊಂಡಿರುತ್ತಾಳೆ, ಬಾಯಿ ಬಿಡುವುದಿಲ್ಲ. 40 ರೂಪಾಯಿಗೆ ಕೊಡುತ್ತಾಳೆಯೇ? ಗೊತ್ತಿಲ್ಲ. 50ಕ್ಕೆ? ಅದೂ ಗೊತ್ತಿಲ್ಲ. ಆದರೆ ಎರಡರಲ್ಲಿ ಯಾವುದಾದರೂ ಒಂದಕ್ಕೆ ಒಪ್ಪುವುದಾದರೆ 50ಕ್ಕಂತೂ ಒಪ್ಪಿಯೇ ಒಪ್ಪುತ್ತಾಳೆ.

ಹೀಗೆ ತೀರ್ಪು ಹೇಳಲಾಗದಿದ್ದರೂ ಎರಡರಲ್ಲಿ ಯಾವುದಕ್ಕೆ ಹೆಚ್ಚು ಅವಕಾಶ ಎಂದು ಬೇಗನೆ ತೋರಿಸಬಹುದಾದ ಪ್ರಶ್ನೆಗಳನ್ನು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಆಲನ್ ಸೆಲ್ಮನ್ 1979ರಲ್ಲಿ 'ಪಿ-ಸೆಲೆಕ್ಟಿವ್' ಎಂದು ಕರೆದರು. ಮನಸ್ಸಿನಲ್ಲಿರುವ ಬೆಲೆಯ ಜಾಗದಲ್ಲಿ ಯಾವ ಕಂಪ್ಯೂಟರಿಗೂ ಲೆಕ್ಕ ಹಾಕಲಾಗದ ಸಂಖ್ಯೆಯನ್ನೇ ಇಡಿ, ಆಯ್ಕೆ ಆಗಲೂ ಸಲೀಸು: ದೊಡ್ಡದನ್ನು ತೋರಿಸಿದರಾಯಿತು. ಅಂದರೆ ಆಯ್ಕೆ ಸುಲಭವಾದ ಮಾತ್ರಕ್ಕೆ ಪ್ರಶ್ನೆ ಸುಲಭವಲ್ಲ.

ಹಾಗಾದರೆ ಎಲ್ಲ ಕಠಿಣ ಪ್ರಶ್ನೆಗಳಿಗೂ ಇಂಥ ಅರೆಸಹಾಯ ಸಿಗಬಹುದೇ? ಇಲ್ಲೇ ಸೆಲ್ಮನ್ ಅವರ ಜಾಣ್ಮೆ. ಸ್ಯಾಟ್ ಎಂಬ ಪ್ರಸಿದ್ಧ ಸಮಸ್ಯೆಯಲ್ಲಿ ಒಂದು ತರ್ಕಸೂತ್ರ ಕೊಟ್ಟಿರುತ್ತಾರೆ. ಅದರಲ್ಲಿ 100 ಚರಗಳಿದ್ದರೆ, ಅವುಗಳಿಗೆ 'ಸರಿ', 'ತಪ್ಪು' ತುಂಬಿ ಸೂತ್ರವನ್ನು ನಿಜವಾಗಿಸಬಹುದೇ ಎಂಬುದು ಪ್ರಶ್ನೆ. ಒಂದೊಂದೇ ನೋಡುತ್ತ ಕೂತರೆ 2ರ 100ನೇ ಘಾತದಷ್ಟು ಸಾಧ್ಯತೆಗಳು. ಈಗ ಆಯ್ಕೆಗಾರನೊಬ್ಬ ಸಿಕ್ಕಿದ ಎನ್ನಿ. ಮೊದಲ ಚರಕ್ಕೆ 'ಸರಿ' ತುಂಬಿದ ಸೂತ್ರ, 'ತಪ್ಪು' ತುಂಬಿದ ಸೂತ್ರ, ಎರಡನ್ನೂ ಅವನ ಮುಂದಿಡಿ. ಅವನು ತೋರಿಸಿದ್ದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಸಾಡಿ. ಎರಡನೆಯ ಚರಕ್ಕೂ ಅದೇ. 100 ಸಲ ಕೇಳುವಷ್ಟರಲ್ಲಿ ಎಲ್ಲ ಚರಗಳೂ ತುಂಬಿರುತ್ತವೆ. ಸೂತ್ರ ನಿಜವಾಯಿತೇ, ಉತ್ತರ ಸಿಕ್ಕಿತು. ಆಗಲಿಲ್ಲವೇ, ಉತ್ತರ ಮೊದಲಿನಿಂದಲೂ ಇರಲಿಲ್ಲ. ಅಲ್ಲಿಗೆ ಪಿ (ಬೇಗ ಬಿಡಿಸಬಹುದಾದ ಪ್ರಶ್ನೆಗಳು) ಮತ್ತು ಎನ್‌ಪಿ (ಕೊಟ್ಟ ಉತ್ತರವನ್ನು ಬೇಗ ತಾಳೆ ನೋಡಬಹುದಾದ ಪ್ರಶ್ನೆಗಳು) ಒಂದೇ ಎಂದಾಯಿತು! ಹಾಗಿರಲಾರದು ಎಂಬುದೇ ಬಹುತೇಕ ತಜ್ಞರ ನಂಬಿಕೆ.

ಸಹಾಯವನ್ನು ಇನ್ನೂ ತೆಳುಮಾಡಿ ನೋಡುವುದೇ ಮುಂದಿನವರ ಕೆಲಸವಾಯಿತು. 10 ಸೂತ್ರ ಕೊಟ್ಟು ಒಂದೊಂದನ್ನೂ ನಿಜವಾಗಿಸಬಹುದೇ ಎಂದು ಕೇಳಿದರೆ ಹೌದು-ಅಲ್ಲಗಳ ಜೋಡಣೆ ಒಟ್ಟು 1024. ಅವುಗಳಲ್ಲಿ ಸರಿಯಾದದ್ದನ್ನು ಹೇಳುವುದೇ ಬೇಡ, ತಪ್ಪೆಂದು ಗ್ಯಾರಂಟಿ ಇರುವ ಒಂದೇ ಒಂದನ್ನು ಪ್ರತಿ ಸಲವೂ ಬೇಗ ಹೊಡೆದುಹಾಕಿದರೆ ಸಾಕು. ಆಗಲೂ ಪಿ, ಎನ್‌ಪಿ ಒಂದಾಗುತ್ತವೆ. 1990ರ ದಶಕದಲ್ಲಿ ಈ ಜಾಡಿನಲ್ಲಿ ದುಡಿದವರಲ್ಲಿ ನಮ್ಮವರೇ ಆದ ಮಣೀಂದ್ರ ಅಗ್ರವಾಲ್ ಮತ್ತು ವಿ. ಅರವಿಂದ್ ಇದ್ದಾರೆ. (2002ರಲ್ಲಿ ಅವಿಭಾಜ್ಯ ಸಂಖ್ಯೆಗಳ ಪರೀಕ್ಷೆಗೆ ವೇಗದ ದಾರಿ ತೋರಿಸಿದ ಕಾನ್ಪುರದ ಮೂವರಲ್ಲಿ ಅಗ್ರವಾಲ್ ಒಬ್ಬರು.) 1024ರಲ್ಲಿ ಒಂದನ್ನು ತಪ್ಪದೆ, ಬೇಗನೆ ಹೊಡೆದುಹಾಕುವ ವಿಧಾನ ಇದುವರೆಗೆ ಯಾರಿಗೂ ದಕ್ಕಿಲ್ಲ.